ಬಾಹ್ಯಾಕಾಶ ಡೇಟಾಗೆ ಟೂಲ್ ಬರೆಯುವ ಟ್ರೈನಿ ಕೆಲಸ: ತಯಾರಿಯಿಂದ ಹಸ್ತಾಂತರದವರೆಗೆ

ಡಿಗ್ರಿ ಮುಗಿಸಿದವರಿಗೆ ಬಾಹ್ಯಾಕಾಶ ಸಂಸ್ಥೆಗಳು, ವೀಕ್ಷಣಾಲಯಗಳು, ವಿಶ್ವವಿದ್ಯಾಲಯದ ಸಂಶೋಧನಾ ಗುಂಪುಗಳು ಒಂದೆರಡು ವರ್ಷದ ಟ್ರೈನಿ ಹುದ್ದೆ ಕೊಡುತ್ತವೆ. ಅದರಲ್ಲಿ ಒಂದು ಬಗೆ ಇದು: ಉಪಗ್ರಹ ಕಳಿಸಿದ ಡೇಟಾವನ್ನು ವಿಜ್ಞಾನಿಗಳು ಬಳಸುವ ಹಾಗೆ ಮಾಡುವ ಸಾಫ್ಟ್‌ವೇರ್ ಬರೆಯುವುದು. ಹೆಸರು ಕೇಳೋಕೆ ಚೆನ್ನಾಗಿದೆ. ದಿನದ ಕೆಲಸ ಮಾತ್ರ ಬೇರೆ ಥರ. ಹೆಚ್ಚಿನ ಹೊತ್ತು ಹೋಗುವುದು ಯಾರೋ ಬರೆದಿಟ್ಟ ಕೋಡ್ ಓದುವುದರಲ್ಲಿ. ಒಂದು ಕಾಲಮ್‌ನ ಯೂನಿಟ್ ಯಾವುದು ಅಂತ ಹುಡುಕುವುದರಲ್ಲಿ. ಉತ್ತರ ಯಾಕೆ 69 ಸೆಕೆಂಡ್ ಆಚೀಚೆ ಬಂತು ಅಂತ ಬೆನ್ನು ಹತ್ತಿ ಹೋಗುವುದರಲ್ಲಿ. ಇಂಥದ್ದರಲ್ಲಿ ಮಜಾ ಸಿಗುವವರಿಗೆ ಇದಕ್ಕಿಂತ ಒಳ್ಳೆ ಕೆಲಸ ಕಡಿಮೆ.

ಈ ಕೆಲಸದಲ್ಲಿ ಅಳತೆಗೋಲು ಒಂದೇ. ನಿಮ್ಮ ಟೂಲ್ ಕೊಟ್ಟ ಸಂಖ್ಯೆಯನ್ನು ಇನ್ನೊಬ್ಬರು ನಂಬಿ ತಮ್ಮ ಪೇಪರ್‌ನಲ್ಲಿ ಹಾಕಬಹುದಾ? ಕೋಡ್ ಎಷ್ಟು ಚುರುಕು, ಸ್ಕ್ರೀನ್ ಎಷ್ಟು ಚೆಂದ ಅನ್ನುವುದೆಲ್ಲ ಆಮೇಲೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಬಗ್ಗೆ ಕಡಿಮೆ ಇದೆ, ಡೇಟಾದ ಸ್ವಭಾವ ತಿಳಿಯುವ ಬಗ್ಗೆ ಜಾಸ್ತಿ ಇದೆ.

1. ಜಾಹೀರಾತನ್ನು ಬಿಡಿಸಿ ಓದಿ

'ಡೇಟಾ ಅನಾಲಿಸಿಸ್ ಟೂಲ್' ಅಂತ ಬರೆದಿದ್ದರೂ ಒಳಗೆ ಮೂರು ಬೇರೆ ಕೆಲಸಗಳಿರಬಹುದು.

ಮೊದಲನೆಯದು ಪೈಪ್‌ಲೈನ್. ಉಪಗ್ರಹದಿಂದ ಬಂದ ಕಚ್ಚಾ ಸಂಕೇತವನ್ನು ಹಂತ ಹಂತವಾಗಿ ಶುದ್ಧ ಮಾಡಿ, ಅಳತೆ ಸರಿಪಡಿಸಿ, ಬಳಸಬಹುದಾದ ಫೈಲ್ ಮಾಡುವುದು. ಇಲ್ಲಿ 'ಲೆವೆಲ್ 0', 'ಲೆವೆಲ್ 1', 'ಲೆವೆಲ್ 2' ಅನ್ನುವ ಮಾತು ದಿನವೂ ಕಿವಿಗೆ ಬೀಳುತ್ತದೆ. ಸಂಖ್ಯೆ ಏರಿದಷ್ಟೂ ಡೇಟಾ ಕಚ್ಚಾ ರೂಪದಿಂದ ದೂರ ಬಂದಿದೆ ಅಂತ ಅರ್ಥ. ಎರಡನೆಯದು ಆರ್ಕೈವ್. ಕೋಟಿಗಟ್ಟಲೆ ಸಾಲುಗಳ ಡೇಟಾಬೇಸ್, ಅದನ್ನು ಪ್ರಶ್ನಿಸುವ ಸೇವೆ, ವೆಬ್ ಪುಟ. ಮೂರನೆಯದು ವಿಜ್ಞಾನಿಯ ಕೈಯಲ್ಲಿರುವ ಟೂಲ್, ಅಂದರೆ ಗ್ರಾಫ್ ಬರೆಯುವ, ಮಾದರಿ ಹೊಂದಿಸುವ, ಸಂಕೇತ ಹುಡುಕುವ ಲೈಬ್ರರಿಗಳು. ಪೈಪ್‌ಲೈನ್‌ಗೆ ಉಪಕರಣದ ಜ್ಞಾನ ಬೇಕು, ಆರ್ಕೈವ್‌ಗೆ ಎಸ್‌ಕ್ಯುಎಲ್ ಬೇಕು, ಮೂರನೆಯದಕ್ಕೆ ಅಂಕಿಅಂಶಶಾಸ್ತ್ರ ಬೇಕು. ಜಾಹೀರಾತಿನ ಕ್ರಿಯಾಪದಗಳನ್ನು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಅರ್ಹತೆಯ ಷರತ್ತನ್ನು ಮೊದಲೇ ನೋಡಿಬಿಡಿ. ಯುರೋಪಿಯನ್ ಸ್ಪೇಸ್ ಏಜೆನ್ಸಿಯ ಗ್ರಾಜುಯೇಟ್ ಟ್ರೈನಿ ಯೋಜನೆ ಈ ಕ್ಷೇತ್ರದಲ್ಲಿ ಹೆಸರು ಮಾಡಿದೆ. ಅದರ ವಿಜ್ಞಾನ ಆರ್ಕೈವ್‌ಗಳು ಮ್ಯಾಡ್ರಿಡ್ ಹತ್ತಿರದ ಕೇಂದ್ರದಲ್ಲಿವೆ. ಆದರೆ ಅದು ಸದಸ್ಯ ರಾಷ್ಟ್ರಗಳು ಮತ್ತು ಒಪ್ಪಂದವಿರುವ ಕೆಲವು ದೇಶಗಳ ಪೌರರಿಗೆ ಮಾತ್ರ, ಮತ್ತು ಸ್ನಾತಕೋತ್ತರ ಪದವಿ ಕೇಳುತ್ತದೆ. ಪೌರತ್ವ ಅಡ್ಡ ಬಂದರೆ ವಿಶ್ವವಿದ್ಯಾಲಯದ ಗುಂಪುಗಳತ್ತ ನೋಡಿ. ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಓಪನ್ಆಸ್ಟ್ರಾನಮಿ ಅನ್ನುವ ಒಕ್ಕೂಟದ ಅಡಿಯಲ್ಲಿ ಖಗೋಳ ಡೇಟಾಗೆ ಪೈಥಾನ್ ಲೈಬ್ರರಿ ಬರೆಯುವ ಆಸ್ಟ್ರೊಪೈ, ಸನ್‌ಪೈ ಥರದ ಯೋಜನೆಗಳು ಹೊಸಬರನ್ನು ತೆಗೆದುಕೊಳ್ಳುತ್ತವೆ. ಅದು ಕೆಲವೇ ತಿಂಗಳ ಕೆಲಸ, ಮನೆಯಿಂದಲೇ ಮಾಡಬಹುದು. ಮುಂದಿನ ಅರ್ಜಿಗೆ ಅದರಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗುವುದು ಕಷ್ಟ.

2. ಬೇಕಾದ ಸಾಮಾನು

ಪೈಥಾನ್, ನಂಪೈ, ಗಿಟ್, ಲಿನಕ್ಸ್ ಕಮಾಂಡ್ ಲೈನ್. ಇವು ನಾಲ್ಕು ಕೈಗೆ ಸರಾಗವಾಗಿ ಬರಬೇಕು. ಜೊತೆಗೆ ಒಂದು ಟೆಸ್ಟಿಂಗ್ ಲೈಬ್ರರಿ, ಪೈಟೆಸ್ಟ್ ಸಾಕು. ಹಳೆಯ ಕೋಡ್ ಸಿ, ಫೋರ್ಟ್ರಾನ್, ಐಡಿಎಲ್‌ನಲ್ಲಿ ಇರುತ್ತದೆ. ಅವುಗಳಲ್ಲಿ ಬರೆಯೋಕೆ ಬರದಿದ್ದರೂ ಓದೋಕೆ ಹೆದರಬಾರದು, ಅಷ್ಟೇ.

ಗಣಿತದಲ್ಲಿ ಮಧ್ಯಾಂಕ, ಪ್ರಮಾಣ ವಿಚಲನೆ, ಲೀಸ್ಟ್ ಸ್ಕ್ವೇರ್ಸ್, ದೋಷ ಒಂದು ಹಂತದಿಂದ ಇನ್ನೊಂದಕ್ಕೆ ಹೇಗೆ ಸಾಗುತ್ತದೆ ಅನ್ನುವ ಲೆಕ್ಕ, ಫೂರಿಯೆ ರೂಪಾಂತರ. ಖಗೋಳ ವಿಜ್ಞಾನದ ಪದವಿ ಇಲ್ಲ ಅಂತ ಕೊರಗಬೇಡಿ. ಕಂಪ್ಯೂಟರ್ ಸೈನ್ಸ್ ಓದಿದವರೂ ಈ ಕೆಲಸಕ್ಕೆ ಬರುತ್ತಾರೆ. ವಿಜ್ಞಾನಿಯ ಪಕ್ಕ ಕೂತು 'ಇದರ ಅರ್ಥ ಏನು?' ಅಂತ ನಾಚಿಕೆ ಇಲ್ಲದೆ ಕೇಳುವ ಗುಣ ಇದ್ದರೆ ಉಳಿದದ್ದು ಬರುತ್ತದೆ. ಮಷೀನ್ ಲರ್ನಿಂಗ್? ನನ್ನ ಪ್ರಕಾರ ಅದು ಕೊನೆಗೆ. ಅರ್ಜಿಗಳಲ್ಲಿ ಎಲ್ಲರೂ ಅದನ್ನೇ ಬರೆದಿರುತ್ತಾರೆ. ಖಗೋಳ ಡೇಟಾ ಬರುವ ಫಿಟ್ಸ್ ಫೈಲ್ ತೆರೆದು ನೋಡಿದವರು ಕಡಿಮೆ.

3. ಫಿಟ್ಸ್ ಫೈಲ್ ಜೊತೆ ಸ್ನೇಹ ಮಾಡಿ

ಖಗೋಳ ಡೇಟಾ ಬಹುಪಾಲು ಫಿಟ್ಸ್ ಅನ್ನುವ ರೂಪದಲ್ಲಿ ಬರುತ್ತದೆ. ಇದರ ವಿವರ ಮೊದಲು ಪ್ರಕಟವಾದದ್ದು 1981ರಲ್ಲಿ. ಆಗಿನ ಪಂಚ್ ಕಾರ್ಡ್ ಮತ್ತು ಮ್ಯಾಗ್ನೆಟಿಕ್ ಟೇಪ್ ಕಾಲದ ಗುರುತು ಇವತ್ತಿಗೂ ಅದರ ಮೈಮೇಲಿದೆ. ಡೇಟಾದ ವಿವರ ಬರೆದಿಡುವ ಹೆಡರ್‌ನ ಪ್ರತಿ ಸಾಲು ಸರಿಯಾಗಿ 80 ಅಕ್ಷರ. ಕೀವರ್ಡ್ 8 ಅಕ್ಷರ ಮೀರುವ ಹಾಗಿಲ್ಲ. ಇಡೀ ಫೈಲ್ 2880 ಬೈಟ್‌ಗಳ ತುಂಡುಗಳಲ್ಲಿ ಇರುತ್ತದೆ. ಹಳೆಯದಾದರೂ ಒಂದು ದೊಡ್ಡ ಗುಣ ಇದೆ: 40 ವರ್ಷದ ಹಿಂದಿನ ಫೈಲ್ ಇವತ್ತೂ ತೆರೆಯುತ್ತದೆ.

ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡಿ. ಒಂದು ಫಿಟ್ಸ್ ಫೈಲ್ ಇಳಿಸಿಕೊಳ್ಳಿ. ಮೊದಲು ಯಾವ ಲೈಬ್ರರಿಯೂ ಇಲ್ಲದೆ, ಬೈಟ್‌ಗಳನ್ನು ಓದಿ, 80ರಂತೆ ಕತ್ತರಿಸಿ ಹೆಡರ್ ಪ್ರಿಂಟ್ ಮಾಡಿ. ಹತ್ತು ಸಾಲಿನ ಕೋಡ್. ಆಮೇಲೆ ಆಸ್ಟ್ರೊಪೈನಿಂದ ಅದೇ ಫೈಲ್ ತೆರೆಯಿರಿ. ಲೈಬ್ರರಿ ನಿಮಗೋಸ್ಕರ ಹಿಂದೆ ಏನೇನು ಮಾಡುತ್ತಿದೆ ಅಂತ ಆಗ ಕಾಣುತ್ತದೆ. ಹೊಸಬರು ಮುಗ್ಗರಿಸುವ ಜಾಗಗಳು ಇವು:

ಫಿಟ್ಸ್‌ನಲ್ಲಿ ಪಿಕ್ಸೆಲ್ ಎಣಿಕೆ 1ರಿಂದ ಶುರು, ಪೈಥಾನ್‌ನಲ್ಲಿ 0ಯಿಂದ. ಅಕ್ಷಗಳ ಕ್ರಮವೂ ತಿರುವುಮುರುವು. ಹೆಡರ್‌ನಲ್ಲಿ ಮೊದಲು ಬರುವುದು ಅಡ್ಡ ಅಕ್ಷ, ನಂಪೈ ಅರೇಯಲ್ಲಿ ಮೊದಲು ಬರುವುದು ಲಂಬ ಅಕ್ಷ. ಎರಡೂ ಸೇರಿದರೆ ನಕ್ಷತ್ರ ಪಕ್ಕದ ಪಿಕ್ಸೆಲ್‌ಗೋ ಚಿತ್ರದ ಇನ್ನೊಂದು ಮೂಲೆಗೋ ಹೋಗಿ ಕೂರುತ್ತದೆ. ಚೌಕ ಚಿತ್ರದಲ್ಲಿ ಎರರ್ ಕೂಡ ಬರುವುದಿಲ್ಲ. ಅದಕ್ಕೇ ಟೆಸ್ಟ್ ಬರೆಯುವಾಗ ಯಾವಾಗಲೂ ಚೌಕವಲ್ಲದ ಚಿತ್ರ ಬಳಸಿ.

ಫಿಟ್ಸ್ ಸಂಖ್ಯೆಗಳು ಬಿಗ್ ಎಂಡಿಯನ್ ಕ್ರಮದಲ್ಲಿರುತ್ತವೆ, ಅಂದರೆ ದೊಡ್ಡ ಬೆಲೆಯ ಬೈಟ್ ಮೊದಲು. ನಮ್ಮ ಲ್ಯಾಪ್‌ಟಾಪ್‌ಗಳು ಲಿಟಲ್ ಎಂಡಿಯನ್. ನಂಪೈ ಇದನ್ನು ಸದ್ದಿಲ್ಲದೆ ನಿಭಾಯಿಸುತ್ತದೆ. ಆದರೆ ಅರೇಯನ್ನು ಹಾಗೇ ಎತ್ತಿ ಪಾಂಡಾಸ್‌ಗೆ ಕೊಟ್ಟರೆ ಬಿಗ್ ಎಂಡಿಯನ್ ಅಂತ ಗೊಣಗುವ ಎರರ್ ಬರಬಹುದು. ಆಸ್ಟ್ರೊಪೈ ಟೇಬಲ್ ಮೂಲಕ ಹೋದರೆ ಅದು ತಾನೇ ತಿರುಗಿಸಿ ಕೊಡುತ್ತದೆ.

ಇನ್ನೊಂದು, ಚಿಹ್ನೆ ಇಲ್ಲದ 16-ಬಿಟ್ ಪೂರ್ಣಾಂಕ ಫಿಟ್ಸ್‌ನಲ್ಲಿ ನೇರವಾಗಿ ಇಲ್ಲ. ಹಾಗಾಗಿ 32768 ಕಳೆದು ಇಟ್ಟಿರುತ್ತಾರೆ. ಅದನ್ನು ಮತ್ತೆ ಕೂಡಬೇಕು ಅಂತ ಹೇಳುವ ಒಂದು ಸಾಲು ಹೆಡರ್‌ನಲ್ಲಿರುತ್ತದೆ. ಆ ಸಾಲನ್ನು ಗಮನಿಸದ ಕೋಡ್‌ಗೆ ಕತ್ತಲ ಆಕಾಶದ ಹೊಳಪು ಮೈನಸ್ ಮೂವತ್ತೆರಡು ಸಾವಿರದ ಆಸುಪಾಸು ಕಾಣುತ್ತದೆ!

ಫಿಟ್ಸ್ ಒಂದೇ ಅಲ್ಲ. ಸೌರ ಮಾರುತ, ಕಾಂತಕ್ಷೇತ್ರದ ಡೇಟಾ ಸಿಡಿಎಫ್‌ನಲ್ಲಿ ಬರುತ್ತದೆ. ಗ್ರಹಗಳ ಡೇಟಾಗೆ ಪಿಡಿಎಸ್4 ಅನ್ನುವ ಮಾನದಂಡವಿದೆ. ನೌಕೆ ಯಾವ ಕ್ಷಣದಲ್ಲಿ ಎಲ್ಲಿತ್ತು, ಯಾವ ಕಡೆ ತಿರುಗಿತ್ತು ಅನ್ನುವುದಕ್ಕೆ ಸ್ಪೈಸ್ ಕರ್ನಲ್‌ಗಳು. ನಿಮ್ಮ ಹುದ್ದೆ ಯಾವುದಕ್ಕೆ ಸೇರಿದ್ದೋ ಅದನ್ನು ಕಲಿಯಿರಿ. ಎಲ್ಲವನ್ನೂ ಮೊದಲೇ ತಲೆಗೆ ತುಂಬಿಕೊಳ್ಳುವ ಅಗತ್ಯವಿಲ್ಲ.

4. ಗಡಿಯಾರದ ಗೊಂದಲ

ಈ ಕ್ಷೇತ್ರದಲ್ಲಿ ಸದ್ದಿಲ್ಲದ ತಪ್ಪುಗಳು ಹೆಚ್ಚಾಗಿ ಕಾಲದ ಲೆಕ್ಕದಲ್ಲೇ ಇರುತ್ತವೆ. ಕೋಡ್ ಓಡುತ್ತದೆ, ಗ್ರಾಫ್ ಬರುತ್ತದೆ, ಉತ್ತರ ಮಾತ್ರ ತಪ್ಪು.

ಮೊದಲು ಆ 69 ಸೆಕೆಂಡ್ ಕಥೆ. ನಮ್ಮ ಗಡಿಯಾರಗಳು ನಡೆಯುವುದು ಯುಟಿಸಿಯಲ್ಲಿ. ಪರಮಾಣು ಗಡಿಯಾರಗಳ ಕಾಲ ಟಿಎಐ. 2017ರ ಜನವರಿ 1ರಿಂದ ಇವೆರಡರ ಅಂತರ 37 ಸೆಕೆಂಡ್. ಟಿಟಿ ಅನ್ನುವ ಕಾಲಮಾಪನ ಟಿಎಐಗಿಂತ 32.184 ಸೆಕೆಂಡ್ ಮುಂದೆ. ಕೂಡಿದರೆ 69.184. ನಕ್ಷತ್ರ ಡೇಟಾದಲ್ಲಿ ಬಳಸುವ ಟಿಡಿಬಿ ಅನ್ನುವುದು ಟಿಟಿಗೆ ಮಿಲಿಸೆಕೆಂಡ್‌ಗಳಷ್ಟು ಹತ್ತಿರ. ಒಂದು ಫೈಲ್ ಯುಟಿಸಿಯಲ್ಲಿ, ಇನ್ನೊಂದು ಟಿಡಿಬಿಯಲ್ಲಿ ಇದ್ದು ಎರಡನ್ನೂ ಒಂದೇ ಗ್ರಾಫ್‌ಗೆ ಹಾಕಿದರೆ ಸರಿಯಾಗಿ ಇಷ್ಟೇ ವ್ಯತ್ಯಾಸ ಬರುತ್ತದೆ. ಉತ್ತರ 69 ಸೆಕೆಂಡ್ ಸರಿದಿದ್ದರೆ ಅನುಭವಿಗಳು ಕೋಡ್ ನೋಡುವ ಮೊದಲೇ 'ಟೈಮ್ ಸ್ಕೇಲ್ ನೋಡಿದ್ರಾ?' ಅಂತ ಕೇಳುವುದು ಇದಕ್ಕೇ.

ಎರಡನೆಯದು ಬೆಳಕು ಬರುವ ಹೊತ್ತು. ಭೂಮಿ ಸೂರ್ಯನ ಸುತ್ತ ಸುತ್ತುತ್ತಿದೆ. ನಕ್ಷತ್ರದ ಬೆಳಕು ವರ್ಷದ ಒಂದು ಕಾಲದಲ್ಲಿ ನಮಗೆ ಬೇಗ, ಇನ್ನೊಂದು ಕಾಲದಲ್ಲಿ ತಡವಾಗಿ ತಲುಪುತ್ತದೆ. ಸೌರವ್ಯೂಹದ ದ್ರವ್ಯಕೇಂದ್ರಕ್ಕೆ ಹೋಲಿಸಿದರೆ ಇದು ಎರಡೂ ಕಡೆ ಸುಮಾರು 8.3 ನಿಮಿಷದವರೆಗೆ ಹೋಗುತ್ತದೆ. ತಿದ್ದುಪಡಿ ಆಗಿದೆಯಾ ಇಲ್ಲವಾ ಅಂತ ಹೆಡರ್‌ನಲ್ಲಿ ಬರೆದಿರುತ್ತದೆ. ಊಹೆ ಬೇಡ, ಓದಿ.

ಮೂರನೆಯದು ನನಗೆ ತುಂಬ ಇಷ್ಟದ ಉದಾಹರಣೆ. ಖಗೋಳಜ್ಞರು ದಿನಗಳನ್ನು ಜೂಲಿಯನ್ ದಿನಾಂಕದಲ್ಲಿ ಎಣಿಸುತ್ತಾರೆ, 2457000ರಂಥ ಸಂಖ್ಯೆಗಳು. ಇದನ್ನು 32-ಬಿಟ್ ಫ್ಲೋಟ್‌ನಲ್ಲಿ ಇಟ್ಟರೆ ಏನಾಗುತ್ತದೆ? ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್. ಈ ಗಾತ್ರದ ಸಂಖ್ಯೆಗಳಲ್ಲಿ ಒಂದರ ಪಕ್ಕದ ಇನ್ನೊಂದು ಸಂಖ್ಯೆ ಕಾಲು ದಿನ ದೂರದಲ್ಲಿರುತ್ತದೆ. ಅಂದರೆ ನಿಮ್ಮ ಗಡಿಯಾರ 6 ಗಂಟೆಗೊಮ್ಮೆ ಟಿಕ್ ಅನ್ನುತ್ತದೆ. 2 ನಿಮಿಷಕ್ಕೊಂದರಂತೆ ತೆಗೆದ ಅಳತೆಗಳೆಲ್ಲ ದಿನಕ್ಕೆ ನಾಲ್ಕು ಗುಂಪಾಗಿ ಒಂದರ ಮೇಲೊಂದು ಬೀಳುತ್ತವೆ. ಮೆಮೊರಿ ಉಳಿಸೋಣ ಅಂತ ಯಾರೋ ಇಡೀ ಟೇಬಲ್‌ನ್ನು 32-ಬಿಟ್‌ಗೆ ಇಳಿಸಿದರೆ ಇದು ಆಗಿಯೇ ಆಗುತ್ತದೆ. 64-ಬಿಟ್‌ನಲ್ಲಿ ಟಿಕ್ ಸುಮಾರು 40 ಮೈಕ್ರೋಸೆಕೆಂಡ್. ಗ್ರಹ ಹುಡುಕೋಕೆ ಧಾರಾಳ ಸಾಕು. ಗಡಿಯಾರದಂತೆ ಮಿಡಿಯುವ ಪಲ್ಸಾರ್ ನಕ್ಷತ್ರಗಳಿಗೆ ಅದೂ ಸಾಲದು. ಆಸ್ಟ್ರೊಪೈ ತನ್ನ ಟೈಮ್ ವಸ್ತುವಿನಲ್ಲಿ ಎರಡು 64-ಬಿಟ್ ಸಂಖ್ಯೆಗಳನ್ನು ಜೋಡಿಸಿ ಇಡುವುದು ಇದೇ ಕಾರಣಕ್ಕೆ. ಬೇರೆ ನಕ್ಷತ್ರಗಳ ಗ್ರಹ ಹುಡುಕುವ ಎರಡು ಉಪಗ್ರಹಗಳಲ್ಲಿ ಕೆಪ್ಲರ್ ತಂಡ 2454833ನ್ನೂ ಟೆಸ್ ತಂಡ 2457000ನ್ನೂ ಕಳೆದು ಸಣ್ಣ ಸಂಖ್ಯೆ ಇಟ್ಟುಕೊಂಡಿವೆ. ಎರಡರ ಡೇಟಾ ಕೂಡಿಸುವಾಗ ಕಳೆದದ್ದು ಬೇರೆ ಬೇರೆ ಅನ್ನುವುದು ನೆನಪಿರಲಿ.

ಯೂನಿಟ್ ಬಗ್ಗೆ ಒಂದೇ ಮಾತು. 1999ರ ಸೆಪ್ಟೆಂಬರ್‌ನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದು ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಲೆಕ್ಕ ಅಂತ ತೆಗೆದುಕೊಂಡಿದ್ದಕ್ಕೆ. ಟೂಲ್ ಒಳಗೆ ಬರಿಯ ಸಂಖ್ಯೆ ಓಡಾಡೋಕೆ ಬಿಡಬೇಡಿ. ಜೊತೆಗೆ ಯೂನಿಟ್ ಅಂಟಿಸಿ ಕಳಿಸಿ.

5. ಒಂದು ಸಣ್ಣ ಟೂಲ್ ಪೂರ್ತಿ ಮಾಡಿ

ಅರ್ಜಿಗೆ ಮುಂಚೆ ಕೈಯಲ್ಲಿ ಒಂದು ಕೆಲಸ ಇರಬೇಕು. ಅರ್ಧ ಮಾಡಿದ ಹತ್ತು ಪ್ರಾಜೆಕ್ಟ್ ಬೇಡ. ಒಂದೇ ಸಾಕು, ಅದು ಮುಗಿದಿರಲಿ. ನಾನು ಸೂಚಿಸುವುದು ಇದು: ನಕ್ಷತ್ರದ ಹೊಳಪಿನ ಡೇಟಾ ಕೊಟ್ಟರೆ, ಅದರ ಮುಂದೆ ಹಾದುಹೋಗುವ ಗ್ರಹದ ಸುತ್ತುವ ಅವಧಿ ಮತ್ತು ಹೊಳಪಿನ ಇಳಿತವನ್ನು ಅಳೆಯುವ ಟೂಲ್.

ಡೇಟಾಗೆ ಟೆಸ್ ಉಪಗ್ರಹ ಇದೆ. 2018ರ ಏಪ್ರಿಲ್‌ನಲ್ಲಿ ಹಾರಿದ್ದು. ಆಕಾಶದ ಒಂದೊಂದು ಪಟ್ಟಿಯನ್ನು ಸುಮಾರು 27 ದಿನ ನೋಡುತ್ತದೆ. ಡೇಟಾ ಮ್ಯಾಸ್ಟ್ ಅನ್ನುವ ಆರ್ಕೈವ್‌ನಲ್ಲಿ ಎಲ್ಲರಿಗೂ ಉಚಿತ. ಲೈಟ್‌ಕರ್ವ್ ಅನ್ನುವ ಪೈಥಾನ್ ಲೈಬ್ರರಿಯಿಂದ ಎರಡು ಮೂರು ಸಾಲಿನಲ್ಲಿ ಇಳಿಸಬಹುದು. 27 ದಿನ, 2 ನಿಮಿಷಕ್ಕೊಂದು ಅಳತೆ ಅಂದರೆ ಹತ್ತೊಂಬತ್ತು ಸಾವಿರ ಚಿಲ್ಲರೆ ಬಿಂದು. ಯಾವ ಹಳೆ ಲ್ಯಾಪ್‌ಟಾಪ್‌ಗೂ ಭಾರವಲ್ಲ.

ಶುರು ಮಾಡೋಕೆ ವಾಸ್ಪ್-18 ಅನ್ನುವ ನಕ್ಷತ್ರ ತೆಗೆದುಕೊಳ್ಳಿ. 2009ರಲ್ಲಿ ಪ್ರಕಟವಾದ ಅದರ ಗ್ರಹ ಸುಮಾರು 0.94 ದಿನಕ್ಕೊಮ್ಮೆ ಸುತ್ತುತ್ತದೆ. ಅಲ್ಲಿ ಒಂದು ವರ್ಷ ನಮ್ಮ ಒಂದು ದಿನಕ್ಕಿಂತ ಚಿಕ್ಕದು! ಗ್ರಹ ಅಡ್ಡ ಬಂದಾಗ ಹೊಳಪು ಹತ್ತಿರ ಹತ್ತಿರ ಶೇ. 1ರಷ್ಟು ಇಳಿಯುತ್ತದೆ. ಕಣ್ಣಿಗೇ ಕಾಣುತ್ತದೆ. ಉತ್ತರ ಮೊದಲೇ ಗೊತ್ತಿರುವ ನಕ್ಷತ್ರದಿಂದ ಶುರು ಮಾಡುವುದು ಟೂಲ್ ಸರಿಯಿದೆಯಾ ಅಂತ ನೋಡೋಕೆ.

ಕ್ರಮ ಹೀಗಿರಲಿ. ಡೇಟಾ ಇಳಿಸಿ. ಕ್ವಾಲಿಟಿ ಕಾಲಮ್‌ನಲ್ಲಿ ತೊಂದರೆ ಅಂತ ಗುರುತು ಮಾಡಿರುವ ಬಿಂದುಗಳನ್ನು ತೆಗೆಯಿರಿ. ಖಾಲಿ ಜಾಗಗಳು 'ನ್ಯಾನ್' ಆಗಿ ಬಂದಿರುತ್ತವೆ. ಒಂದು ನ್ಯಾನ್ ಉಳಿದರೂ ಸರಾಸರಿಯೂ ನ್ಯಾನ್. ಮಧ್ಯದಲ್ಲಿ ಒಂದು ದೊಡ್ಡ ಕಂದರ ಕಾಣುತ್ತದೆ, ಗಾಬರಿ ಬೇಡ. ಟೆಸ್‌ನ ಕಕ್ಷೆ 13.7 ದಿನದ್ದು, ಭೂಮಿಗೆ ಹತ್ತಿರ ಬಂದಾಗ ನೋಡುವುದನ್ನು ನಿಲ್ಲಿಸಿ ಡೇಟಾ ಕಳಿಸುತ್ತದೆ. ಆಮೇಲೆ ಹೊಳಪನ್ನು ಮಧ್ಯಾಂಕದಿಂದ ಭಾಗಿಸಿ 1ರ ಆಸುಪಾಸು ತನ್ನಿ. ನಿಧಾನ ಏರಿಳಿತ ತೆಗೆಯಿರಿ. ಪೆಟ್ಟಿಗೆ ಆಕಾರದ ಇಳಿತ ಹುಡುಕುವ, ಆಸ್ಟ್ರೊಪೈಯಲ್ಲಿರುವ ಬಾಕ್ಸ್ ಲೀಸ್ಟ್ ಸ್ಕ್ವೇರ್ಸ್ ಬಳಸಿ ಅವಧಿ ಹುಡುಕಿ. ಆ ಅವಧಿಗೆ ಡೇಟಾವನ್ನು ಮಡಚಿ, ಎಲ್ಲ ಇಳಿತಗಳನ್ನೂ ಒಂದರ ಮೇಲೊಂದು ತಂದು, ಆಳ ಅಳೆಯಿರಿ.

ಇದರಲ್ಲಿ 'ನಿಧಾನ ಏರಿಳಿತ ತೆಗೆಯಿರಿ' ಅನ್ನುವ ಸಾಲಿನಲ್ಲೇ ಎಲ್ಲ ತಾಪತ್ರಯ. ಲೈಟ್‌ಕರ್ವ್‌ನಲ್ಲಿ ಇದಕ್ಕೆ ಫ್ಲ್ಯಾಟನ್ ಅನ್ನುವ ಫಂಕ್ಷನ್ ಇದೆ. ಒಂದು ಸಲಕ್ಕೆ ಎಷ್ಟು ಬಿಂದು ನೋಡಬೇಕು ಅನ್ನುವ ಕಿಟಕಿಯ ಅಗಲ ಹೇಳದಿದ್ದರೆ ಅದು 101 ಬಿಂದು ತೆಗೆದುಕೊಳ್ಳುತ್ತದೆ. 2 ನಿಮಿಷದ ಡೇಟಾದಲ್ಲಿ 101 ಬಿಂದು ಅಂದರೆ 202 ನಿಮಿಷ, ಮೂರೂಕಾಲು ಗಂಟೆ ಚಿಲ್ಲರೆ. ವಾಸ್ಪ್-18ರ ಗ್ರಹ ಹಾದುಹೋಗೋಕೆ ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು. ಅಂದರೆ ಕಿಟಕಿಯ ಬಹುಪಾಲನ್ನು ಇಳಿತವೇ ತುಂಬುತ್ತದೆ. ಏರಿಳಿತ ತೆಗೆಯೋಕೆ ಹೋದ ಫಂಕ್ಷನ್ ಗ್ರಹವನ್ನೇ ಏರಿಳಿತ ಅಂದುಕೊಂಡು ಅದನ್ನೂ ಸ್ವಲ್ಪ ಸವರಿಹಾಕಬಹುದು. ಗ್ರಾಫ್ ಮಟ್ಟಸವಾಗಿ, ನೋಡೋಕೆ ಚೆನ್ನಾಗಿರುತ್ತದೆ. ಆಳ ಕಡಿಮೆ ಬಂದಿರುತ್ತದೆ, ಹಾಗಾಗಿ ಗ್ರಹದ ಗಾತ್ರವೂ ಕಡಿಮೆ ಬರುತ್ತದೆ. ಅದೇ 101 ಬಿಂದುವನ್ನು 20 ಸೆಕೆಂಡ್‌ಗೊಂದು ಅಳತೆ ಇರುವ ಡೇಟಾ ಮೇಲೆ ಓಡಿಸಿದರೆ ಕಿಟಕಿ 34 ನಿಮಿಷಕ್ಕೆ ಇಳಿಯುತ್ತದೆ. ಪರಿಸ್ಥಿತಿ ಇನ್ನೂ ಕೆಡುತ್ತದೆ.

ಲೈಬ್ರರಿಯದು ತಪ್ಪಲ್ಲ. ಅದಕ್ಕೊಂದು ಡೀಫಾಲ್ಟ್ ಬೇಕಿತ್ತು, ಇಟ್ಟುಕೊಂಡಿದೆ. ಆದರೆ ನಿಮ್ಮ ಟೂಲ್ ಕಿಟಕಿಯನ್ನು ಬಿಂದುಗಳಲ್ಲಿ ಕೇಳಬಾರದು, ಗಂಟೆಗಳಲ್ಲಿ ಕೇಳಬೇಕು. ಎಷ್ಟು ಬಿಂದು ಅನ್ನುವುದನ್ನು ಡೇಟಾದ ವೇಗ ನೋಡಿ ಅದೇ ಲೆಕ್ಕ ಹಾಕಲಿ. ಕಿಟಕಿ ಇಳಿತಕ್ಕಿಂತ ಹಲವು ಪಟ್ಟು ಅಗಲವಿರಲಿ, ಇಲ್ಲದಿದ್ದರೆ ಇಳಿತದ ಜಾಗವನ್ನು ಮುಚ್ಚಿಟ್ಟು ಉಳಿದದ್ದಕ್ಕೆ ಮಾತ್ರ ರೇಖೆ ಹೊಂದಿಸಿ. ಈ ಒಂದು ನಿರ್ಧಾರದ ಹಿಂದಿನ ಕಾರಣವನ್ನು ಸಂದರ್ಶನದಲ್ಲಿ ವಿವರಿಸಿದರೆ, ಸರ್ಟಿಫಿಕೇಟುಗಳ ಕಟ್ಟಿಗಿಂತ ಹೆಚ್ಚು ತೂಕ ಬರುತ್ತದೆ.

ತಪ್ಪು ಎಷ್ಟು ಅಂತ ಹೇಗೆ ಗೊತ್ತಾಗಬೇಕು? ಸುಳ್ಳು ಗ್ರಹ ಹಾಕಿ ನೋಡಿ. ಗ್ರಹ ಕಾಣದ ಒಂದು ಶಾಂತ ನಕ್ಷತ್ರದ ಡೇಟಾ ತೆಗೆದುಕೊಳ್ಳಿ. ಅದರಲ್ಲಿ ನೀವೇ ಶೇ. 1 ಆಳದ ಇಳಿತಗಳನ್ನು ಸೇರಿಸಿ. ಇಡೀ ಟೂಲ್ ಓಡಿಸಿ. ಎಷ್ಟು ಹಾಕಿದಿರಿ, ಎಷ್ಟು ವಾಪಸ್ ಬಂತು? ಆಳ, ಅವಧಿ ಬದಲಿಸುತ್ತಾ ಇದನ್ನೇ ನೂರಾರು ಸಲ ಮಾಡಿಸಿ ಒಂದು ನಕ್ಷೆ ಮಾಡಿ. ನಿಮ್ಮ ಟೂಲ್ ಯಾವುದನ್ನು ಹಿಡಿಯುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ಗ್ರಹ ಬಂದರೆ ಇಳಿತ ಶೇ. 1. ಭೂಮಿಯಷ್ಟಿದ್ದರೆ ಹತ್ತು ಲಕ್ಷದಲ್ಲಿ ಸುಮಾರು 84 ಪಾಲು. ಮೊದಲನೆಯದು ಸಿಕ್ಕ ಟೂಲ್‌ಗೆ ಎರಡನೆಯದೂ ಸಿಗುತ್ತದೆ ಅಂದುಕೊಳ್ಳಬೇಡಿ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. ಟೆಸ್ ಫೈಲ್‌ನಲ್ಲಿ ಎರಡು ಹೊಳಪಿನ ಕಾಲಮ್ ಇರುತ್ತವೆ. ಸ್ಯಾಪ್ ಅನ್ನುವುದು ಪಿಕ್ಸೆಲ್‌ಗಳನ್ನು ಕೂಡಿ ಬಂದದ್ದು, ಪಿಡಿಸಿಸ್ಯಾಪ್ ಉಪಕರಣದ ತೊಂದರೆಗಳನ್ನು ತಿದ್ದಿದ್ದು. ಟೆಸ್‌ನ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್ ಅಗಲ, ಪಕ್ಕದ ನಕ್ಷತ್ರದ ಬೆಳಕೂ ಅದರೊಳಗೆ ಸೇರಿಕೊಳ್ಳುತ್ತದೆ. ಎರಡನೆಯ ಕಾಲಮ್‌ನಲ್ಲಿ ಆ ಬೆರಕೆಗೂ ತಿದ್ದುಪಡಿ ಇದೆ, ಮೊದಲನೆಯದರಲ್ಲಿ ಇಲ್ಲ. ಹಾಗಾಗಿ ಎರಡರಿಂದ ಆಳ ಬೇರೆ ಬೇರೆ ಬರಬಹುದು. ಯಾವುದು ಬಳಸಿದಿರಿ ಅಂತ ಟೂಲ್ ತನ್ನ ಉತ್ತರದ ಜೊತೆಗೇ ಹೇಳಬೇಕು. ಇನ್ನು ಅವಧಿ ಹುಡುಕುವಾಗ ನಿಜವಾದದ್ದರ ಅರ್ಧ, ಎರಡರಷ್ಟು ಕೂಡ ಗಟ್ಟಿಯಾಗಿಯೇ ಕಾಣುತ್ತವೆ. ಬೆಸ ಮತ್ತು ಸರಿ ಸಂಖ್ಯೆಯ ಇಳಿತಗಳನ್ನು ಬೇರೆ ಮಾಡಿ ಹೋಲಿಸಿ. ಆಳ ಬೇರೆ ಬೇರೆ ಬಂದರೆ ಹಿಡಿದ ಅವಧಿ ನಿಜವಾದದ್ದರ ಅರ್ಧ ಇರಬಹುದು.

ಇಷ್ಟು ಮಾಡಿ ಮುಗಿಸಿದವರಿಗೆ ಒಂದು ಸವಾಲು. ವಾಸ್ಪ್-18ರ ಅದೇ ಗ್ರಹ ನಕ್ಷತ್ರದ ಹಿಂದೆ ಹೋದಾಗಲೂ ಒಂದು ಸಣ್ಣ ಇಳಿತ ಆಗುತ್ತದೆ, ಹತ್ತು ಲಕ್ಷದಲ್ಲಿ ಸುಮಾರು 340 ಪಾಲು. ನಿಮ್ಮ ಟೂಲ್‌ಗೆ ಸಿಗುತ್ತದಾ ನೋಡಿ.

6. ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಓಡಿಸಿ

ನೋಟ್‌ಬುಕ್‌ನಲ್ಲಿ ಓಡಿದ್ದು ಟೂಲ್ ಅಲ್ಲ. ಫಂಕ್ಷನ್‌ಗಳನ್ನು ಪ್ಯಾಕೇಜ್ ಮಾಡಿ, ಒಂದೇ ಕಮಾಂಡ್‌ನಿಂದ ಇನ್‌ಸ್ಟಾಲ್ ಆಗುವ ಹಾಗಿರಲಿ. ಲೈಸೆನ್ಸ್ ಹಾಕಿ. ಆಸ್ಟ್ರೊಪೈ ಬಿಎಸ್‌ಡಿ ಲೈಸೆನ್ಸ್ ಬಳಸುತ್ತದೆ, ಅದೇ ಸಾಕು. ಟೆಸ್ಟ್‌ಗಳಲ್ಲಿ ದಶಾಂಶ ಸಂಖ್ಯೆಗಳನ್ನು ಸಮ ಚಿಹ್ನೆಯಿಂದ ಹೋಲಿಸಬೇಡಿ, ಎಷ್ಟು ವ್ಯತ್ಯಾಸ ಸಹಿಸಬಹುದು ಅಂತ ಹೇಳಿ ಹೋಲಿಸಿ. ಆ ಮಿತಿ ಯಾಕೆ ಅಷ್ಟು ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಲಿ.

ಆಮೇಲೆ ಒಬ್ಬ ಸ್ನೇಹಿತರನ್ನು ಕೂರಿಸಿ. ರೀಡ್‌ಮಿ ಮಾತ್ರ ನೋಡಿಕೊಂಡು ಇನ್‌ಸ್ಟಾಲ್ ಮಾಡೋಕೆ ಹೇಳಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ನಿಂತರೋ ಅಲ್ಲಿ ರೀಡ್‌ಮಿ ತಿದ್ದಿ. ಹಿಂಸೆಯ ಕೆಲಸ, ಆದರೆ ಇದಕ್ಕಿಂತ ಚೆನ್ನಾಗಿ ಡಾಕ್ಯುಮೆಂಟೇಶನ್ ಕಲಿಸುವ ಕೋರ್ಸ್ ಇಲ್ಲ.

ಇದೇ ಹೊತ್ತಿಗೆ ನೀವು ಬಳಸಿದ ಲೈಬ್ರರಿಗೆ ಒಂದು ಸಣ್ಣ ತಿದ್ದುಪಡಿ ಕಳಿಸಿ. ಡಾಕ್ಯುಮೆಂಟ್‌ನಲ್ಲಿ ಕೆಲಸ ಮಾಡದ ಉದಾಹರಣೆ, ಅರ್ಥವಾಗದ ಎರರ್ ಸಂದೇಶ, ಯಾವುದಾದರೂ ಸರಿ. ನಾಲ್ಕು ಸಾಲಿನ ಬದಲಾವಣೆಗೆ ಹತ್ತು ಟಿಪ್ಪಣಿ ಬರಬಹುದು. ಬೇಜಾರು ಮಾಡಿಕೊಳ್ಳಬೇಡಿ, ಟ್ರೈನಿ ಕೆಲಸದಲ್ಲೂ ದಿನಾ ಇದೇ.

7. ಅರ್ಜಿ ಮತ್ತು ಸಂದರ್ಶನ

ಅರ್ಜಿಯಲ್ಲಿ 'ಚಿಕ್ಕಂದಿನಿಂದ ನಕ್ಷತ್ರ ನೋಡುವ ಹುಚ್ಚು' ಅನ್ನುವ ಪ್ಯಾರಾ ಬಿಟ್ಟುಬಿಡಿ. ಆ ತಂಡ ಯಾವ ಮಿಷನ್ ಮೇಲೆ ಕೆಲಸ ಮಾಡುತ್ತಿದೆಯೋ ಅದರ ಸಾರ್ವಜನಿಕ ಡೇಟಾ ಒಂದಿಷ್ಟು ತೆರೆದು ನೋಡಿ, ಕಂಡದ್ದನ್ನು ಎರಡು ಸಾಲು ಬರೆಯಿರಿ. ನಕ್ಷತ್ರಗಳ ಸ್ಥಾನ, ದೂರ ಅಳೆದ ಗಾಯಾ ಉಪಗ್ರಹದ ತಂಡಕ್ಕೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. 2022ರ ಜೂನ್‌ನಲ್ಲಿ ಬಂದ ಅದರ ಮೂರನೆಯ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಅದನ್ನು ಪೂರ್ತಿ ಇಳಿಸಿಕೊಳ್ಳೋಕೆ ಯಾರೂ ಹೋಗುವುದಿಲ್ಲ. ಎಡಿಕ್ಯುಎಲ್ ಅನ್ನುವ ಪ್ರಶ್ನೆಯ ಭಾಷೆಯಲ್ಲಿ ಸರ್ವರ್‌ನಲ್ಲೇ ಶೋಧಿಸಿ, ಬೇಕಾದ ಸಾಲು ಮಾತ್ರ ತರುತ್ತಾರೆ. ನೀವು ಬರೆದ ಅಂಥ ಒಂದು ಪ್ರಶ್ನೆ, ಅದರಿಂದ ಬಂದ ಒಂದು ಗ್ರಾಫ್, ಅಷ್ಟು ಸಾಕು.

ಸಂದರ್ಶನಕ್ಕೆ ತಯಾರಾಗುವಾಗ ಒಂದು ಪ್ರಶ್ನೆಯನ್ನು ಪದೇ ಪದೇ ಕೇಳಿಕೊಳ್ಳಿ: 'ಈ ಉತ್ತರ ಸರಿ ಅಂತ ನಿನಗೆ ಹೇಗೆ ಗೊತ್ತು?' ಗಾಯಾ ಪ್ಯಾರಲಾಕ್ಸ್‌ನಿಂದ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ದೂರ ಹೇಗೆ ತೆಗೆಯುತ್ತೀರಿ ಅಂದರೆ 'ಒಂದನ್ನು ಅದರಿಂದ ಭಾಗಿಸುತ್ತೇನೆ' ಅನ್ನುವುದು ಅರ್ಧ ಉತ್ತರ. ದೂರದ ನಕ್ಷತ್ರಗಳಲ್ಲಿ ದೋಷ ಅಳತೆಯಷ್ಟೇ ದೊಡ್ಡದಿರುತ್ತದೆ. ಕೆಲವು ಪ್ಯಾರಲಾಕ್ಸ್ ಮೈನಸ್‌ನಲ್ಲೇ ಬರುತ್ತವೆ. ಮೈನಸ್ ದೂರಕ್ಕೆ ಏನು ಮಾಡುತ್ತೀರಿ? ಮೈನಸ್ ಇರುವುದನ್ನೆಲ್ಲ ಎಸೆದರೆ ಉಳಿದವುಗಳ ಲೆಕ್ಕ ಒಂದು ಕಡೆಗೆ ವಾಲುತ್ತದೆ. ಅಲ್ಲಿಂದ ಮುಂದಿನದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಹೇಗೆ ಪರೀಕ್ಷೆ ಮಾಡಿ ನೋಡುತ್ತೀರಿ ಅಂತ ಹೇಳಿ.

8. ಸೇರಿದ ಮೇಲೆ

ಮೊದಲ ವಾರಗಳಲ್ಲಿ ಹಳೆ ಕೋಡ್ ನೋಡಿದ ತಕ್ಷಣ ಎಲ್ಲವನ್ನೂ ಹೊಸದಾಗಿ ಬರೆಯೋಣ ಅನ್ನಿಸುತ್ತದೆ. ತಡೆಯಿರಿ. ಎಕ್ಸ್-ರೇ ದೂರದರ್ಶಕಗಳಾದ ಚಂದ್ರಾ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಎರಡೂ 1999ರಲ್ಲಿ ಹಾರಿದವು. ಅವುಗಳ ಸಾಫ್ಟ್‌ವೇರ್ ಕಾಲು ಶತಮಾನ ದಾಟಿದೆ. ಅಂಥ ಕೋಡ್‌ನಲ್ಲಿ ಕಾರಣವಿಲ್ಲದೆ ಕೂತಿರುವಂತೆ ಕಾಣುವ ಒಂದು ಷರತ್ತಿನ ಹಿಂದೆ ಎಂದೋ ಕೆಟ್ಟ ಒಂದು ಡಿಟೆಕ್ಟರ್ ಇರಬಹುದು. ತೆಗೆಯುವ ಮುನ್ನ ಗಿಟ್ ಇತಿಹಾಸ ನೋಡಿ, ಹಳಬರನ್ನು ಕೇಳಿ.

ಬದಲಾಯಿಸಲೇಬೇಕು ಅಂದರೆ ಮೊದಲು ಹಳೆಯ ಕೋಡ್‌ನ ಉತ್ತರಗಳನ್ನು ಒಂದಿಷ್ಟು ಫೈಲ್‌ಗಳ ಮೇಲೆ ತೆಗೆದು ಭದ್ರ ಮಾಡಿ. ಹೊಸ ಕೋಡ್‌ನ ಉತ್ತರ ಅದಕ್ಕೆ ಹೋಲಿಸಿ. ವ್ಯತ್ಯಾಸ ಬಂದರೆ 'ಹೊಸದೇ ಸರಿ' ಅಂತ ಹಾರಬೇಡಿ. ಪ್ರತಿ ವ್ಯತ್ಯಾಸಕ್ಕೂ ಒಂದು ಕಾರಣ ಬರೆದಿಡಿ. ಈ ಪಟ್ಟಿಯೇ ಎಷ್ಟೋ ಸಲ ಟ್ರೈನಿಯ ಅತಿ ಬೆಲೆಬಾಳುವ ಕೊಡುಗೆ.

ವಿಜ್ಞಾನಿಗಳು ಕೇಳುವುದನ್ನು ಹಾಗೇ ಮಾಡಿಕೊಡಬೇಡಿ. 'ಒಂದು ಬಟನ್ ಬೇಕು' ಅಂದರೆ, ಅವರು ಈಗ ಆ ಕೆಲಸ ಹೇಗೆ ಮಾಡುತ್ತಿದ್ದಾರೆ ಅಂತ ಪಕ್ಕದಲ್ಲಿ ಕೂತು ನೋಡಿ. ಬಟನ್ ಬೇಕಿರುವುದಿಲ್ಲ, ಮೂರು ಫೈಲ್ ಕೂಡಿಸುವ ಕಷ್ಟ ತಪ್ಪಬೇಕಿರುತ್ತದೆ.

ಟೂಲ್ ಕೊಡುವ ಪ್ರತಿ ಫೈಲ್‌ನ ಹೆಡರ್‌ನಲ್ಲಿ ಅದರ ಜಾತಕ ಇರಲಿ: ಟೂಲ್‌ನ ಆವೃತ್ತಿ, ಯಾವ ಇನ್‌ಪುಟ್ ಫೈಲ್, ಯಾವ ಕ್ಯಾಲಿಬ್ರೇಶನ್ ಫೈಲ್, ಯಾವ ಆಯ್ಕೆಗಳು. ಮಿಷನ್ ತಂಡಗಳು ಕ್ಯಾಲಿಬ್ರೇಶನ್ ಸುಧಾರಿಸಿ ಹಳೆಯ ಡೇಟಾವನ್ನೇ ಮತ್ತೆ ಸಂಸ್ಕರಿಸುತ್ತವೆ. ಹೋದ ವರ್ಷದ ಸಂಖ್ಯೆ ಈ ವರ್ಷ ಬದಲಾಗಿರುತ್ತದೆ. ಯಾಕೆ ಅಂತ ಹೇಳೋಕೆ ಜಾತಕ ಬೇಕು.

ವೇಗದ ಚಿಂತೆ ಬಂದಾಗ ಮೊದಲು ಅಳೆಯಿರಿ. ನಿಧಾನಕ್ಕೆ ಕಾರಣ ಲೆಕ್ಕವಲ್ಲ, ಒಂದೇ ಫೈಲನ್ನು ಲೂಪ್ ಒಳಗೆ ಮತ್ತೆ ಮತ್ತೆ ತೆರೆಯುತ್ತಿರುವುದು ಅಂತ ತಿಳಿಯುವ ಸಂದರ್ಭಗಳು ಬೇಕಾದಷ್ಟು.

9. ಹಸ್ತಾಂತರ

ಟ್ರೈನಿ ಅವಧಿಗೆ ಕೊನೆಯ ದಿನಾಂಕ ಇರುತ್ತದೆ, ಟೂಲ್‌ಗೆ ಇರುವುದಿಲ್ಲ. ಹಾಗಾಗಿ ಕೊನೆಯ ಎರಡು ತಿಂಗಳು ಹೊಸ ಫೀಚರ್ ಸೇರಿಸಬೇಡಿ. ತಂಡದಲ್ಲಿ ಮುಂದೆ ನೋಡಿಕೊಳ್ಳುವವರು ಯಾರು ಅಂತ ಹೆಸರು ಹಿಡಿದು ಕೇಳಿ. 'ಎಲ್ಲರೂ ನೋಡ್ಕೋತೀವಿ' ಅಂದರೆ ಯಾರೂ ನೋಡುವುದಿಲ್ಲ ಅಂತಲೇ ಲೆಕ್ಕ. ಆ ಒಬ್ಬರ ಕೈಯಲ್ಲಿ, ನೀವು ಇರುವಾಗಲೇ, ಒಂದು ಹೊಸ ಆವೃತ್ತಿ ಬಿಡುಗಡೆ ಮಾಡಿಸಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುವ ಸ್ಕ್ರಿಪ್ಟ್, ನಿಮ್ಮ ಹೆಸರಲ್ಲಿ ಮಾತ್ರ ಇರುವ ಪಾಸ್‌ವರ್ಡ್, ನಿಮ್ಮ ಖಾತೆಯಲ್ಲಿ ರಾತ್ರಿ ತಾನಾಗಿ ಓಡುವ ಕೆಲಸ, ಎಲ್ಲ ಆಗ ಹೊರಬೀಳುತ್ತವೆ.

ಗೊತ್ತಿರುವ ದೋಷಗಳನ್ನು ಮುಚ್ಚಿಡದೆ ಇಶ್ಯೂಗಳಾಗಿ ಬರೆಯಿರಿ. ಪ್ರತಿಯೊಂದಕ್ಕೂ ಅದನ್ನು ಮತ್ತೆ ತೋರಿಸುವ ಒಂದು ಸಣ್ಣ ಉದಾಹರಣೆ ಇರಲಿ. ಕೋಡ್‌ನ ಆ ಆವೃತ್ತಿಯನ್ನು ಝೆನೊಡೊ ಅನ್ನುವ ಸಂಶೋಧನಾ ಸಂಗ್ರಹದಲ್ಲಿ ಹಾಕಿದರೆ ಒಂದು ಡಿಒಐ, ಅಂದರೆ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ. ಟೂಲ್ ಬಳಸಿದವರು ಪೇಪರ್‌ನಲ್ಲಿ ಅದನ್ನು ಉಲ್ಲೇಖಿಸಬಹುದು, ನಿಮ್ಮ ಮುಂದಿನ ಅರ್ಜಿಗೂ ಅದು ಬರುತ್ತದೆ. ರೀಡ್‌ಮಿಯಲ್ಲಿ ಉಲ್ಲೇಖಿಸುವ ಬಗೆಯನ್ನು ನೀವೇ ಬರೆದಿಟ್ಟುಬಿಡಿ. ಇಲ್ಲದಿದ್ದರೆ ಯಾರೂ ಹುಡುಕುವ ಕಷ್ಟ ತೆಗೆದುಕೊಳ್ಳುವುದಿಲ್ಲ.